ಸಿದ್ದಿ ವಾಡಾಕ್ಕೆ ಹೋಗುವಾಗ ನಮ್ಮ ಅಕ್ಕಿ ಒಯ್ಯಬೇಕೆ, ಅವರ ಅನ್ನ ಉಣ್ಣಬೇಕೆ?

ನೇತ್ರಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಮಂಗಳೂರು ಕಡೆಯ ಒಂದು ಕಥೋಲಿಕ ಧರ್ಮಕೇಂದ್ರದ, ಅಂದರೆ ಚರ್ಚಿನ, ಯುವಜನರ ಜವಾಬ್ದಾರಿ ನನ್ನದು. ಬರುವ ಬೇಸಿಗೆ ರಜೆಯಲ್ಲಿ ಉತ್ತರ ಕನ್ನಡದ ಹಳಿಯಾಳ ತಾಲೂಕಿನ ಒಂದು ಸಿದ್ದಿ ವಾಡಾಕ್ಕೆ, ಅಂದರೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರ ಕೇರಿಗೆ, ಮತ್ತೆ ಹೋಗುವ ಏರ್ಪಾಡು ನಡೆದಿದೆ. ಬೆಳಿಗ್ಗೆ ಮಕ್ಕಳಿಗೆ ಶಿಬಿರ, ಹಗಲು ಮನೆಯವರ ಜೊತೆ ಅವರ ಕೆಲಸ, ಸಂಜೆ ಜಪಸರದ ಪ್ರಾರ್ಥನೆ, ಭಾನುವಾರ ಬಲಿಪೂಜೆ (ಚರ್ಚಿನ ಪೂಜೆ). ಇಷ್ಟೇ ಕಾರ್ಯಕ್ರಮ. ಆದರೆ ಒಂದು ವಿಷಯದಲ್ಲಿ ನಮ್ಮೊಳಗೆ ಒಮ್ಮತ ಮೂಡುತ್ತಿಲ್ಲ. ಅದಕ್ಕಾಗಿ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ಸಲ ಅಂಕೋಲಾದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಅರಬೈಲ್ ಘಾಟ್ ಹತ್ತಿ, ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ತಲುಪುವಾಗ ಕತ್ತಲಾಗಿತ್ತು. ರಸ್ತೆಯ ಬದಿಯಲ್ಲಿ ಹೆಂಗಸರು ಟಾರ್ಚ್ ಹಿಡಿದು ಕಾಯುತ್ತಿದ್ದರು. ಬೇಡವೆಂದರೂ ಕೇಳದೆ ನಮ್ಮ ಚೀಲಗಳನ್ನು ಅವರೇ ಹೊತ್ತರು. ಇಬ್ಬಿಬ್ಬರನ್ನು ಒಂದೊಂದು ಮನೆಗೆ ಕರೆದೊಯ್ದರು. ನಾನು ಉಳಿದ ಮನೆಯಲ್ಲಿ ಹಂಡೆಯ ನೀರು ಕಾದಿತ್ತು. ಬೆಲ್ಲದ ಕಪ್ಪು ಚಹಾ, ಆಮೇಲೆ ಅನ್ನ, ನಾಟಿ ಕೋಳಿಯ ಸಾರು. ಮನೆಯಲ್ಲಿದ್ದ ಒಂದೇ ಮಂಚ ನಮಗೆ, ಅದರ ಮೇಲೆ ಅವರೇ ಹೊಲಿದ ಕೌದಿ. ಮನೆಯವರೆಲ್ಲ ನೆಲದ ಮೇಲೆ. ಅಜ್ಜಿ ನಮ್ಮ ಪಕ್ಕದಲ್ಲಿ ಕುಳಿತು ತಾಯಿಯ ಹೆಸರೇನು, ತಾಯಿಯ ತವರು ಯಾವುದು, ಒಡಹುಟ್ಟಿದವರು ಎಷ್ಟು ಜನ ಎಂದು ಕೊಂಕಣಿಯಲ್ಲಿ ವಿಚಾರಿಸುತ್ತ ಹೋದರು. ಅವರ ಕೊಂಕಣಿಯಲ್ಲಿ ಮರಾಠಿಯೂ ಕನ್ನಡವೂ ಬೆರೆತಿವೆ, ನಮ್ಮದರ ಧಾಟಿಯೇ ಬೇರೆ. ಆದರೂ ಮಧ್ಯರಾತ್ರಿಯವರೆಗೆ ಮಾತು ನಿಲ್ಲಲಿಲ್ಲ. ಎಷ್ಟೋ ಶಿಬಿರಗಳಿಗೆ ಹೋಗಿದ್ದೇನೆ, ಹೀಗೆ ಯಾರೂ ನನ್ನನ್ನು ಬರಮಾಡಿಕೊಂಡಿಲ್ಲ.

ಈ ಸಲ ನಮ್ಮ ಹಿರಿಯರು ಬೇರೆ ಏರ್ಪಾಡು ಮಾಡೋಣ ಎನ್ನುತ್ತಿದ್ದಾರೆ. ಕೂಲಿ ಮಾಡಿ ಬದುಕುವವರ ಕೋಳಿ ತಿಂದು ಬರುವುದು ಸೇವೆಯಲ್ಲ, ಅಕ್ಕಿ ಬೇಳೆ ಗ್ಯಾಸ್ ಒಲೆ ಅಡುಗೆಯವರ ಸಮೇತ ಹೋಗಿ ಶಾಲೆಯ ಕಟ್ಟಡದಲ್ಲಿ ಉಳಿಯೋಣ, ಅವರಿಗೆ ಒಂದು ಲೋಟ ನೀರಿನ ಹೊರೆಯೂ ಆಗಬಾರದು ಎಂಬುದು ಅವರ ನಿಲುವು. ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲು ಮನಸ್ಸು ಬರುತ್ತಿಲ್ಲ. ಬಾಗಿಲು ತೆರೆದು ಕಾಯುವವರ ಎದುರಿನಿಂದಲೇ ಹಾದುಹೋಗಿ ಶಾಲೆಯ ಜಗಲಿಯಲ್ಲಿ ನಮ್ಮ ಒಲೆ ಹೂಡುವುದು ಹೇಗೆ? ಇಂಥ ಪ್ರವಾಸಗಳಿಗೆ ಹೋದವರು, ಅದಕ್ಕಿಂತ ಹೆಚ್ಚಾಗಿ ಬಂದವರನ್ನು ಮನೆಯಲ್ಲಿ ಇರಿಸಿಕೊಂಡವರು ದಯವಿಟ್ಟು ಹೇಳಿ.

ಕಿನ್ನಿಗೋಳಿ

ನಾನು ನಿಮ್ಮ ಹಿರಿಯರ ಪಕ್ಷ. ಧರ್ಮಕೇಂದ್ರದ ಲೆಕ್ಕ ಬರೆದವನಾದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ ಸಿಗುವುದು 5 ಕಿಲೋ ಧಾನ್ಯ. ನಾಲ್ಕು ಜನರ ಮನೆಗೆ 20 ಕಿಲೋ. ಕೆಲಸಕ್ಕೆ ಹೋಗಿ ಹಸಿದು ಬರುವ ದೊಡ್ಡವರಿಗೆ ಅದೇ ಸಾಲದು. ಅಂಥ ಮನೆಯಲ್ಲಿ ಇಬ್ಬರು ಹರೆಯದವರು ಒಂದು ವಾರ ಕುಳಿತು ಮೂರು ಹೊತ್ತು ಉಂಡರೆ ಐದಾರು ಕಿಲೋ ಅಕ್ಕಿ ಹೋಯಿತು. ಆ ತಿಂಗಳ ಕೊನೆಯ ವಾರ ಆ ಮನೆಯ ಮಕ್ಕಳು ಏನು ಉಣ್ಣುತ್ತಾರೆ?

ಕೋಳಿಯ ವಿಷಯವೂ ಹಾಗೆಯೇ. ನಮಗೆ ಕೋಳಿ ಒಂದು ಊಟ. ಆ ಮನೆಯಲ್ಲಿ ಅದು ಸಂತೆಗೆ ಒಯ್ದರೆ ಬರುವ ನಗದು, ಮಗುವಿಗೆ ಜ್ವರ ಬಂದರೆ ಔಷಧಿ, ಶಾಲೆ ಶುರುವಾಗುವಾಗ ಪುಸ್ತಕ. ಏಪ್ರಿಲ್ ಮೇ ತಿಂಗಳೆಂದರೆ ಮಳೆಗಾಲಕ್ಕೆ ಕೂಡಿಡಬೇಕಾದ ಹೊತ್ತು. ಪ್ರೀತಿಯಿಂದ ಕೊಡುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರೀತಿಯಿಂದ ಕೊಡುತ್ತಾರೆ ಎಂದ ಮಾತ್ರಕ್ಕೆ ತೆಗೆದುಕೊಳ್ಳುವುದು ಸರಿಯಾಗುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಹಳೆಯ ದಾದಿ

ನಾನು ಧರ್ಮಭಗಿನಿ, ದಾದಿ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನ ಊರುಗಳಲ್ಲಿ ಬಹಳ ಕಾಲ ಔಷಧಿಯ ಪೆಟ್ಟಿಗೆ ಹಿಡಿದು ಓಡಾಡಿದ್ದೇನೆ. ಈಗ ವಿಶ್ರಾಂತಿಯಲ್ಲಿದ್ದೇನೆ.

ಕಿನ್ನಿಗೋಳಿಯವರ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಆ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತದೆ, ಅದನ್ನು ಹೊರಗಿನವರು ಕಾಣುವುದಿಲ್ಲ. ನೆಂಟರು ಬಂದ ಮನೆಗೆ ಪಕ್ಕದ ಮನೆಯಿಂದ ಅಕ್ಕಿ ಬರುತ್ತದೆ, ಇನ್ನೊಂದು ಮನೆಯಿಂದ ಮೊಟ್ಟೆ, ಮತ್ತೊಂದರಿಂದ ಒಣಮೀನು. ಯಾರ ಮನೆಗೆ ಎಷ್ಟು ಜನ ಎಂಬುದನ್ನು ಹೆಂಗಸರು ಮೊದಲೇ ಕುಳಿತು ನಿಶ್ಚಯಿಸುತ್ತಾರೆ. ಬಾಣಂತಿ ಇರುವ ಮನೆಗೆ, ರೋಗಿ ಇರುವ ಮನೆಗೆ ನೆಂಟರನ್ನು ಹಾಕುವುದಿಲ್ಲ. ಒಂದೇ ಮನೆಯ ಮೇಲೆ ಭಾರ ಬೀಳದಂತೆ ಇಡೀ ವಾಡಾ ನೋಡಿಕೊಳ್ಳುತ್ತದೆ. ನಿಮಗೆ ಉಣಬಡಿಸಿದ್ದು ಒಂದು ಮನೆ ಎಂದು ನೀವು ತಿಳಿದಿದ್ದರೆ, ಬಹುಶಃ ಐದು ಮನೆಗಳ ಪಾಲು ನಿಮ್ಮ ತಟ್ಟೆಯಲ್ಲಿತ್ತು.

ಹಾಗಾದರೆ ಏನನ್ನೂ ಕೊಡಬೇಡವೇ? ಕೊಡಬೇಕು, ಆದರೆ ಕೊಡುವ ರೀತಿ ಮುಖ್ಯ. ನಾವು ಹೀಗೆ ಮಾಡುತ್ತಿದ್ದೆವು. ತಂಡ ಬರುವ ಮೂರು ನಾಲ್ಕು ವಾರ ಮೊದಲು ಊರಿನ ಮಹಿಳಾ ಸ್ವಸಹಾಯ ಸಂಘದ ಅಧ್ಯಕ್ಷೆಯನ್ನು ಕಂಡು, ಇಷ್ಟು ಜನ, ಇಷ್ಟು ದಿನ ಎಂದು ಹೇಳಿ, ಅಕ್ಕಿ, ಎಣ್ಣೆ, ಬೇಳೆಯ ಹಣವನ್ನು ಸಂಘದ ಲೆಕ್ಕಕ್ಕೆ ಸೇರಿಸುತ್ತಿದ್ದೆವು. ಯಾವ ಮನೆಗೆ ಎಷ್ಟು ಎಂದು ಅವರೇ ಹಂಚಿಕೊಳ್ಳುತ್ತಿದ್ದರು. ತಂಡದ ಹುಡುಗ ಹುಡುಗಿಯರಿಗೆ ಇದರ ಸುದ್ದಿಯೇ ಇರುತ್ತಿರಲಿಲ್ಲ. ಮನೆಯ ಯಜಮಾನಿ ಬಡಿಸುವಾಗ ಅವಳ ಕೈಯೇ ಮೇಲೆ. ಎಲ್ಲರೆದುರು ಚೀಟಿ ಓದಿ ಅಕ್ಕಿಯ ಮೂಟೆ ಒಪ್ಪಿಸಿ ಫೋಟೋ ತೆಗೆಸಿಕೊಳ್ಳುವ ಪದ್ಧತಿಯನ್ನು ಮಾತ್ರ ಯಾರೂ ಮಾಡಬೇಡಿ. ಹಾಗೆ ಮಾಡಿದ ಒಂದು ತಂಡ ಹೋದ ಮೇಲೆ ಆ ಮೂಟೆಗಳು ಬಹಳ ದಿನ ಪ್ರಾರ್ಥನಾ ಮಂದಿರದಲ್ಲಿಯೇ ಬಿದ್ದಿದ್ದವು. ಒಯ್ಯಲು ಯಾರಿಗೂ ಮನಸ್ಸಿರಲಿಲ್ಲ.

ನೀರಿನ ಬಗ್ಗೆಯೂ ಒಂದು ಮಾತು. ಕುದಿಸಿ ಆರಿಸಿದ ನೀರು ಬೇಕೆಂದು ಯಜಮಾನಿಗೆ ಮೊದಲ ದಿನವೇ ಹೇಳಿ. ಬಾಣಂತಿಯರಿಗೆ, ಮಕ್ಕಳಿಗೆ ಅವರೂ ಕುದಿಸಿದ ನೀರನ್ನೇ ಕೊಡುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಬಾಟಲಿ ನೀರಿನ ಪೆಟ್ಟಿಗೆ ಇಳಿಸಿದರೆ ಮನಸ್ಸು ಮುರಿಯುತ್ತದೆ.

ಶಿರಸಿ ಪೇಟೆ

ನಾನು ಕ್ರೈಸ್ತನಲ್ಲ. ನಮ್ಮ ಜಿಲ್ಲೆಯ ವಿಷಯವೆಂದು ಓದುತ್ತಿದ್ದೆ. ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಬೇಡ. ಮಿಷನ್ ಎಂದ ತಕ್ಷಣ ನಮ್ಮ ಕಡೆ ಜನ ಮತಾಂತರವೆಂದೇ ಭಾವಿಸುತ್ತಾರೆ. ನೀವು ಉಣ್ಣುವ ಮನೆ ಯಾರದು? ನಿಮ್ಮ ಶಿಬಿರಕ್ಕೆ ಬರುವ ಮಕ್ಕಳು ಯಾರು? ಇದು ಸ್ಪಷ್ಟವಿದ್ದರೆ ನಿಮಗೂ ಕ್ಷೇಮ, ಆ ಊರಿನವರಿಗೂ ಕ್ಷೇಮ.

ಮತ್ತೊಂದು ವಿಷಯ. ಸಿದ್ದಿಗಳನ್ನು ಕಾಡಿನಲ್ಲಿ ಅಡಗಿದ ಅಪರೂಪದ ಜನರಂತೆ ನೋಡುವ ಅಭ್ಯಾಸ ನಿಲ್ಲಬೇಕು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಂಗಭೂಮಿಯಲ್ಲಿ, ಆಟದ ಮೈದಾನದಲ್ಲಿ ಹೆಸರು ಮಾಡಿದವರಿದ್ದಾರೆ. ನಿಮ್ಮ ಯುವಕರಿಗೆ ಹೊರಡುವ ಮೊದಲೇ ಇದನ್ನು ತಿಳಿಸಿ.

ನೇತ್ರಾವತಿ ದಂಡೆ

ಶಿರಸಿ ಪೇಟೆಯವರೇ, ನೇರವಾಗಿ ಕೇಳಿದ್ದಕ್ಕೆ ಧನ್ಯವಾದ. ನಾವು ಉಳಿಯುವ ಮನೆಗಳು ತಲೆಮಾರುಗಳಿಂದ ಕಥೋಲಿಕರಾಗಿರುವವರದು. ಶಿಬಿರದಲ್ಲಿ ಹಾಡು, ಆಟ, ಗಣಿತ, ಕನ್ನಡ ಓದು. ಯಾವ ಮನೆಯ ಮಗುವೂ ಬರಬಹುದು, ತಂದೆ ತಾಯಿ ಕಳಿಸಿದರೆ ಮಾತ್ರ. ಜಪಸರ, ಪೂಜೆಗಳು ನಮ್ಮ ವಿಶ್ವಾಸದವರಿಗೆ. ಹೋಗುವ ಮೊದಲು ಗ್ರಾಮ ಪಂಚಾಯತಿಗೂ ಶಾಲೆಯ ಮುಖ್ಯೋಪಾಧ್ಯಾಯರಿಗೂ ಪತ್ರ ಕೊಡುತ್ತೇವೆ.

ಹಳಿಯಾಳದ ಮಗಳು

ನಾನು ಸಿದ್ದಿ. ಕಥೋಲಿಕ ಮನೆಯವಳು. ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ತಾಯಿ ತಂದೆ ಇನ್ನೂ ವಾಡಾದಲ್ಲಿಯೇ ಇದ್ದಾರೆ. ಇಷ್ಟು ಹೊತ್ತು ಓದುತ್ತಿದ್ದೆ. ಬಂದವರನ್ನು ಇರಿಸಿಕೊಂಡವರು ಹೇಳಿ ಎಂದು ಅಕ್ಕ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ.

ಮೊದಲು ಧರ್ಮದ ಮಾತು. ನಮ್ಮಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದೇವೆ. ಸಿದ್ದಿ ಎಂಬುದು ಆ ಮೂರಕ್ಕೂ ಹಿಂದಿನದು. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿ ನಾಸ್ ಎಂಬ ಹಿರಿಯರ ಸ್ಥಾನವಿದೆ. ಅಲ್ಲಿಯ ಜಾತ್ರೆಗೆ ಮೂರೂ ಧರ್ಮದ ಸಿದ್ದಿಗಳು ಹೋಗುತ್ತೇವೆ. ನಮ್ಮ ಮನೆಗೆ ಬಂದು ಉಳಿದ ತಂಡದವರು ನಮ್ಮ ಹಿಂದೂ ನೆಂಟರ ಮನೆಯಲ್ಲಿಯೂ ಚಹಾ ಕುಡಿದಿದ್ದಾರೆ, ಮುಸ್ಲಿಂ ನೆಂಟರ ಮದುವೆಯಲ್ಲಿಯೂ ಉಂಡಿದ್ದಾರೆ. ಮನೆಗೆ ಬಂದವರು ನಮಗೆಲ್ಲರಿಗೂ ನೆಂಟರು.

ಈಗ ಅಕ್ಕಿಯ ಮಾತು. ನಮ್ಮ ಹಿರಿಯರು ಹೇಗೆ ಇಲ್ಲಿಗೆ ಬಂದರೆಂಬುದನ್ನು ನೀವು ಓದಿರಬಹುದು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. ಇಲ್ಲಿಗೆ ಬಂದ ಮೇಲೂ ಬೇರೆಯವರ ಹೊಲದಲ್ಲಿ, ಬೇರೆಯವರ ಅಡಿಕೆ ತೋಟದಲ್ಲಿ ದುಡಿಮೆ. ನನ್ನ ಅಜ್ಜಿ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ ಊಟ ಹಿತ್ತಲಿನಲ್ಲಿ, ಎಲೆಯಲ್ಲಿ. ಉಂಡ ಜಾಗವನ್ನು ತಾವೇ ಸಾರಿಸಿ ಬರಬೇಕಿತ್ತು. ನೀರು ಮೇಲಿನಿಂದ ಸುರಿಯುತ್ತಿದ್ದರು, ಕೈಯೊಡ್ಡಿ ಕುಡಿಯಬೇಕು. ಅಜ್ಜಿ ಬದುಕಿಡೀ ಬೇರೆಯವರ ಕೈಯಿಂದ ತೆಗೆದುಕೊಂಡವರು. ಆಕೆಯ ಮನೆಗೆ ಬಂದು, ಆಕೆ ಮಾಡಿದ ಅನ್ನವನ್ನು ಆಕೆಯ ತಟ್ಟೆಯಲ್ಲಿ ಉಂಡು, ಇನ್ನೊಂದು ಸಲ ಹಾಕಿ ಎಂದು ಕೇಳಿದ ಹೊರಗಿನವರು ಬಹಳ ಕಡಿಮೆ. ಹಾಗೆ ಕೇಳಿದವರನ್ನು ಆಕೆ ಸಾಯುವವರೆಗೆ ನೆನೆಯುತ್ತಿದ್ದರು.

ಆದ್ದರಿಂದ ನೀವು ಅಡುಗೆಯವರನ್ನು ಕರೆತಂದು ಶಾಲೆಯಲ್ಲಿ ಉಣ್ಣುತ್ತೀರಿ ಎಂದರೆ ವಾಡಾದ ಹಿರಿಯರಿಗೆ ಅದರಲ್ಲಿ ನಿಮ್ಮ ಕಾಳಜಿ ಕಾಣುವುದಿಲ್ಲ. ಇವರೂ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ ಎಂದಷ್ಟೇ ಕಾಣುತ್ತದೆ. ಹಿಂದೆ ಉಣ್ಣದವರು ಕೊಟ್ಟ ಕಾರಣ ಬೇರೆ, ನೀವು ಕೊಡುವ ಕಾರಣ ಬೇರೆ. ಅಂಗಳದಲ್ಲಿ ನಿಂತವಳಿಗೆ ಕಾಣುವುದು ಒಂದೇ.

ಕಿನ್ನಿಗೋಳಿಯ ಅಣ್ಣನವರು ತಿಂಗಳ ಕೊನೆಯ ವಾರದ ಬಗ್ಗೆ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆ ವಾರದ ಹಸಿವು ನನಗೆ ಗೊತ್ತು. ಸಿಸ್ಟರ್ ಹೇಳಿದಂತೆ ಸಂಘದ ಮೂಲಕ ಮೊದಲೇ ಅಕ್ಕಿ ಸೇರಿಸಿದರೆ ನಮ್ಮ ಹೆಂಗಸರು ಬೇಡವೆನ್ನುವುದಿಲ್ಲ. ಆದರೆ ಮೊದಲ ರಾತ್ರಿಯ ಊಟ ನಮ್ಮದು. ಅದಕ್ಕೆ ಬೆಲೆ ಕಟ್ಟಬೇಡಿ. ಕೋಳಿ ಕೊಯ್ದರೆ ಕೊಯ್ದುಕೊಳ್ಳಲಿ. ಯಾವ ಕೋಳಿಯನ್ನು ಸಂತೆಗೆ ಒಯ್ಯಬೇಕು, ಯಾವುದನ್ನು ನೆಂಟರಿಗೆ ಇಡಬೇಕು ಎಂಬುದನ್ನು ನನ್ನ ತಾಯಿ ತಿಂಗಳ ಮೊದಲೇ ತೀರ್ಮಾನಿಸಿರುತ್ತಾಳೆ.

ಮಂಚದ ಮೇಲೆ ಹಾಸಿದ ಕೌದಿಯ ಬಗ್ಗೆ ಅಕ್ಕ ಬರೆದಿದ್ದಾರೆ. ನಮ್ಮಲ್ಲಿ ಕೌದಿಯನ್ನು ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತ ಬರುತ್ತಾರೆ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮನೆಯವರ ಹಳೆಯ ಸೀರೆ, ಅಂಗಿ, ಮಕ್ಕಳ ಸಮವಸ್ತ್ರ ಎಲ್ಲವೂ ಅದರಲ್ಲಿರುತ್ತವೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂ ಇಡದಿದ್ದರೆ ಅದು ಪೂರ್ತಿಯಾಗಲಿಲ್ಲ ಎನ್ನುತ್ತಾರೆ. ಕೆಲವು ವಾರಗಳ ದುಡಿಮೆ ಅದು, ಹಗಲು ಕೂಲಿ ಮುಗಿಸಿ ಬಂದ ಮೇಲಿನದು. ಈಗ ಪೇಟೆಯಲ್ಲಿ ಇದಕ್ಕೆ ಒಳ್ಳೆಯ ಬೆಲೆ ಇದೆ, ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ. ಕೊಳ್ಳುವುದಾದರೆ ಸಂಘದಲ್ಲಿ ಕೇಳಿ, ಹೇಳಿದ ಬೆಲೆ ಕೊಟ್ಟು ಕೊಳ್ಳಿ, ಚೌಕಾಸಿ ಬೇಡ. ಆದರೆ ನೀವು ಮಲಗಿದ ಕೌದಿಗೆ ಎಷ್ಟು ಎಂದು ಮಾತ್ರ ಕೇಳಬೇಡಿ.

ಮಗ್ಗದ ಮನೆ

ಹಳಿಯಾಳದ ತಂಗಿಯವರ ಮಾತನ್ನು ಎರಡು ಸಲ ಓದಿದೆ.

ನಾನು ಗುಳೇದಗುಡ್ಡದವನು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವನು. ನಮ್ಮ ಮನೆತನ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಕಾಲದಲ್ಲಿ ಕ್ರೈಸ್ತರಾದ ನೇಕಾರರದು. ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಇಲ್ಲಿ ನೆನಪಿಸಬೇಕು ಅನಿಸಿತು. ಯೇಸುಸ್ವಾಮಿ ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳಿಸುವಾಗ ಏನು ಹೇಳಿದರು? ಹಣದ ಚೀಲ ಬೇಡ, ಬುತ್ತಿಯ ಚೀಲ ಬೇಡ, ಕೆರವೂ ಬೇಡ. ಬರಮಾಡಿಕೊಂಡ ಮನೆಯಲ್ಲಿಯೇ ಇರಿ, ಅವರು ಕೊಟ್ಟದ್ದನ್ನು ಉಣ್ಣಿರಿ ಕುಡಿಯಿರಿ, ಮನೆಯಿಂದ ಮನೆಗೆ ಹೋಗಬೇಡಿ. ಉಣ್ಣುವ ಆಜ್ಞೆ ಮೊದಲು, ರೋಗಿಗಳನ್ನು ಗುಣಪಡಿಸಿರಿ ಎಂಬ ಆಜ್ಞೆ ಅದರ ನಂತರ. ಒಳ್ಳೆಯ ಊಟ ಸಿಗುವ ಮನೆ ಹುಡುಕಿಕೊಂಡು ಜಾಗ ಬದಲಿಸಬೇಡಿ ಎಂಬ ಎಚ್ಚರವೂ ಅಲ್ಲಿಯೇ ಇದೆ. ಕಳಿಸಿದವರೇ ಶಿಷ್ಯರನ್ನು ಬರಿಗೈಯಲ್ಲಿ, ಇನ್ನೊಬ್ಬರ ಬಾಗಿಲಿನ ದಯೆಗೆ ಒಪ್ಪಿಸಿ ಕಳಿಸಿದ್ದಾರೆ. ಗ್ಯಾಸ್ ಒಲೆ ಹೊತ್ತು ಹೋಗುವ ತಂಡಕ್ಕೆ ಈ ಅಧ್ಯಾಯವನ್ನು ಯಾವ ಬಾಯಿಂದ ಓದಿಸುವುದು?

ಕಿನ್ನಿಗೋಳಿಯವರ ಪ್ರಶ್ನೆಗೆ ಬೈಬಲ್ಲಿನ ಚಾರೆಪ್ತ ಎಂಬ ಊರಿನ ವಿಧವೆಯ ಪ್ರಸಂಗವೇ ಹತ್ತಿರದ್ದು. ಬರಗಾಲ, ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ. ಅದನ್ನು ತಾನೂ ಮಗನೂ ತಿಂದು ಸಾಯುವುದೆಂದು ಸೌದೆ ಆರಿಸುತ್ತಿದ್ದವಳಲ್ಲಿ ಪ್ರವಾದಿ ಎಲೀಯನು ಮೊದಲು ತನಗೊಂದು ರೊಟ್ಟಿ ಕೇಳುತ್ತಾನೆ. ಚಿಕ್ಕವನಿದ್ದಾಗ ಈ ಪ್ರಸಂಗ ಕೇಳಿ ಪ್ರವಾದಿಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಇದು ಸುಲಭದ ಪ್ರಸಂಗವಲ್ಲ. ಕೇಳುವವನು ಆ ಮನೆಯ ಮುಂದಿನ ಹಸಿವಿಗೂ ಬಾಧ್ಯಸ್ಥ ಎಂದು ನಾನು ಅದನ್ನು ಓದುತ್ತೇನೆ. ಎಲೀಯನು ಉಂಡು ಹೊರಟುಹೋಗಲಿಲ್ಲ, ಆ ಮನೆಯಲ್ಲಿಯೇ ಉಳಿದ. ಅವಳ ಮಗ ಕಾಯಿಲೆ ಬಿದ್ದು ಉಸಿರು ನಿಂತಾಗ ಅದೇ ಮನೆಯ ಮಾಳಿಗೆಯಲ್ಲಿ ಮಗುವಿಗಾಗಿ ದೇವರ ಮುಂದೆ ಗೋಳಿಟ್ಟ.

ನಮ್ಮ ನಾಡಿನ ಮಿಷನ್ ಚರಿತ್ರೆಯಲ್ಲಿಯೂ ಇದನ್ನು ಕಾಣಬಹುದು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಾಗ ಅವರಿಗೆ ಇಲ್ಲಿಯ ಮಾತು ಬಾರದು. ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಗಿ ಬಂದದ್ದು ನಮಗೆಲ್ಲ ಗೊತ್ತು. ಅವರ ಎದುರು ಕುಳಿತು ತಿದ್ದಿ ತಿದ್ದಿ ಕನ್ನಡ ಕಲಿಸಿದವರು ಇಲ್ಲಿಯ ಪಂಡಿತರು, ಇಲ್ಲಿಯ ಜನ. ಅವರಲ್ಲಿ ಬಹುಪಾಲು ಜನರ ಹೆಸರನ್ನು ನಾವು ಮರೆತಿದ್ದೇವೆ. ಮಿಷನರಿಗಳ ಕಥೆ ಹೇಳುವಾಗ ಅವರನ್ನು ಬರಮಾಡಿಕೊಂಡವರ ಕಥೆಯನ್ನೂ ಹೇಳಬೇಕು. ನಮ್ಮ ಭಾನುವಾರ ಶಾಲೆಯಲ್ಲಿ ಈಗ ಹೇಳುತ್ತಿದ್ದೇವೆ.

ಟೊರೊಂಟೊ ಕನ್ನಡಿಗ

ಇಲ್ಲಿಯ ಚರ್ಚುಗಳಿಂದ ಮಧ್ಯ ಅಮೆರಿಕಕ್ಕೆ ಒಂದು ವಾರ, ಹತ್ತು ದಿನದ ಮಿಷನ್ ಪ್ರವಾಸಗಳು ಪ್ರತಿವರ್ಷ ಹೋಗುತ್ತವೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಎಷ್ಟೋ ತಂಡಗಳು ಹೋದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಅಲ್ಲಿಯ ಕುಟುಂಬಗಳನ್ನು ಮಾತನಾಡಿಸಿದರು. ಹೊರಗಿನ ತಂಡ ಕಟ್ಟಿದ ಮನೆಯವರಿಗೂ ಸ್ಥಳೀಯ ಸಂಸ್ಥೆ ಕಟ್ಟಿದ ಮನೆಯವರಿಗೂ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂಡಗಳ ಪ್ರಯಾಣಕ್ಕೆ ಹೋದ ಹಣದಲ್ಲಿ ಎಷ್ಟೋ ಹೆಚ್ಚು ಮನೆ ಕಟ್ಟಬಹುದಿತ್ತು ಎಂಬ ಮಾತೂ ಬಂತು. ಹೋಗಿಬಂದವರ ಬದುಕು ಬದಲಾಯಿತೇ ಎಂದು ನೋಡಿದರೆ, ಅದರಲ್ಲಿಯೂ ಉಳಿದದ್ದು ಸ್ವಲ್ಪವೇ.

ಹಾಗೆಂದು ಹೋಗಬೇಡಿ ಎನ್ನುತ್ತಿಲ್ಲ. ಕೆಲಸದ ಹೆಸರಿನಲ್ಲಿ ಹೋಗುವುದಾದರೆ ಹಣ ಕಳಿಸುವುದೇ ಮೇಲು. ಪರಿಚಯಕ್ಕಾಗಿ, ಸಂಬಂಧಕ್ಕಾಗಿ ಹೋಗುವುದಾದರೆ ಅದನ್ನು ಬಾಯಿಬಿಟ್ಟು ಹೇಳಿ, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ. ಪ್ರತಿವರ್ಷ ಹೊಸ ಊರು ಹುಡುಕುವ ತಂಡಗಳ ಬಗ್ಗೆ ನನಗೆ ನಂಬಿಕೆಯಿಲ್ಲ.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೆದಿದೆ. ವಾಡಾದ ಹೆಸರು, ಮನೆಯವರ ಹೆಸರು, ಫೋಟೋ ಯಾರೂ ಇಲ್ಲಿ ಹಾಕಬೇಡಿ ಎಂದು ವಿನಂತಿ.

ಕಿನ್ನಿಗೋಳಿ

ಹಳಿಯಾಳದವರೇ, ಹಿತ್ತಲಿನ ಊಟದ ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲೆ ಅಡುಗೆಯವರನ್ನು ಕರೆದೊಯ್ಯುವ ಮಾತನ್ನು ನಾನು ಕೈಬಿಟ್ಟೆ. ಆ ಅಂಗಳದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನು ನೀವಲ್ಲದೆ ಇನ್ಯಾರೂ ಹೇಳಲಾಗುತ್ತಿರಲಿಲ್ಲ. ಸಂಘದ ಮೂಲಕ ಅಕ್ಕಿ ಸೇರಿಸುವುದೇ ಸರಿ.

ಆದರೂ ಒಂದು ಮಾತು ಉಳಿಯುತ್ತದೆ. ಮಂಗಳೂರು ಕಡೆಯ ಕಥೋಲಿಕರಾದ ನಮ್ಮ ಹಿರಿಯರೂ ಗೋವಾದಿಂದಲೇ ದಕ್ಷಿಣಕ್ಕೆ ಬಂದವರು. ನಮ್ಮವರು ತಮ್ಮ ಹೆಸರು, ಮನೆತನ, ಒಡವೆ, ಹಾಡುಗಳನ್ನು ಹೊತ್ತು ಬಂದರು, ಇಲ್ಲಿ ಭೂಮಿ ಹಿಡಿದರು. ಅದೇ ಗೋವಾದಲ್ಲಿ ನಿಮ್ಮ ಹಿರಿಯರನ್ನು ಜ್ಞಾನಸ್ನಾನ ಕೊಟ್ಟು ಗುಲಾಮರಾಗಿ ಇರಿಸಿಕೊಂಡಿದ್ದರು. ಒಂದೇ ಶಿಲುಬೆಯ ಕೆಳಗೆ ಒಡೆಯರೂ ಗುಲಾಮರೂ ಮೊಣಕಾಲೂರಿದ್ದರು. ಇದನ್ನು ತಿಳಿದ ಮೇಲೆ ನಿಮ್ಮ ಮನೆಯ ಕೋಳಿ ಸಾರು ಉಂಡು ಧನ್ಯವಾದ ಹೇಳಿ ಬಸ್ಸು ಹತ್ತುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಋಣವೆಂದರೆ ನಿಮಗೆ ಬೇಸರವಾಗಬಹುದು. ನೀವೇ ಹೇಳಿ, ನಾವು ಏನು ಮಾಡಿದರೆ ಸರಿ?

ಹಳಿಯಾಳದ ಮಗಳು

ಅಣ್ಣ, ಬೇಸರವಿಲ್ಲ. ಕೇಳಿದ್ದೀರಿ, ಹೇಳುತ್ತೇನೆ.

ಚಿಕ್ಕ ಚಿಕ್ಕ ವಿಷಯಗಳು ಮೊದಲು. ಮಕ್ಕಳ ಕೂದಲು ಮುಟ್ಟಬೇಡಿ, ದೊಡ್ಡವರದ್ದಂತೂ ಬೇಡವೇ ಬೇಡ. ಬಂದ ಪ್ರತಿ ತಂಡವೂ ಅದನ್ನು ಮಾಡುತ್ತದೆ. ಊರು ಯಾವುದು, ಆಫ್ರಿಕಾದಲ್ಲಿ ಯಾವ ದೇಶ ಎಂದು ಕೇಳಬೇಡಿ, ನಮ್ಮದು ಹಳಿಯಾಳ. ಫೋಟೋ ತೆಗೆಯುವ ಮೊದಲು ಮಗುವನ್ನಲ್ಲ, ಮಗುವಿನ ತಾಯಿಯನ್ನು ಕೇಳಿ.

ಡಮಾಮಿ ಕುಣಿಯಿರಿ ಎಂದು ಕೇಳಬೇಡಿ. ಇದು ನನಗೆ ಎಲ್ಲಕ್ಕಿಂತ ನೋವಿನ ವಿಷಯ. ಜಿಂಕೆ ಚರ್ಮದ ಆ ದೊಡ್ಡ ವಾದ್ಯ ಹಿಡಿದು ನಮ್ಮವರು ಹಬ್ಬಕ್ಕೆ, ಮದುವೆಗೆ, ಕೆಲಸ ಮುಗಿದ ರಾತ್ರಿಗೆ ಹಾಡುತ್ತಾರೆ, ಕುಣಿಯುತ್ತಾರೆ. ಮನಸ್ಸು ಬಂದಾಗ ತಾವಾಗಿಯೇ ತರುತ್ತಾರೆ, ಆಗ ನಿಮ್ಮನ್ನು ಎಳೆದು ಕುಣಿಸದೆ ಬಿಡುವುದೂ ಇಲ್ಲ. ಆದರೆ ಸರ್ಕಾರಿ ಉತ್ಸವ, ರೆಸಾರ್ಟು, ಮೆರವಣಿಗೆ ಎಲ್ಲದಕ್ಕೂ ಎಲೆ ಉಡಿಸಿ, ಮುಖಕ್ಕೆ ಬಣ್ಣ ಬಳಿಸಿ ಕುಣಿಸುವವರನ್ನು ನೋಡಿ ಸಾಕಾಗಿದೆ. ಇಗರ್ಜಿಯ (ಚರ್ಚಿನ) ಅಂಗಳದಲ್ಲಾದರೂ ನಮ್ಮವರು ಬಟ್ಟೆ ಉಟ್ಟು, ತಮ್ಮ ಇಷ್ಟದಂತೆ ಕುಳಿತಿರಲಿ.

ಇನ್ನು ದೊಡ್ಡ ಮಾತು. ನಮ್ಮ ಮನೆಗೆ ಎಷ್ಟೋ ತಂಡಗಳು ಬಂದಿವೆ. ಮಂಗಳೂರಿನಿಂದ, ಬೆಂಗಳೂರಿನಿಂದ, ಗೋವಾದಿಂದ. ನನ್ನ ತಾಯಿ ಅವರೆಲ್ಲರ ಹೆಸರನ್ನೂ ನೆನಪಿಟ್ಟಿದ್ದಾಳೆ. ಮದುವೆಯಾಯಿತೇ, ಮಕ್ಕಳೆಷ್ಟು ಎಂದು ನನ್ನನ್ನು ಕೇಳುತ್ತಾಳೆ, ನನಗೇನು ಗೊತ್ತು? ಆಕೆಯನ್ನು ಯಾರೂ ತಮ್ಮ ಮನೆಗೆ ಕರೆದಿಲ್ಲ. ಬನ್ನಿ ಎಂದು ಬಾಯಿಮಾತಿಗೆ ಎಲ್ಲರೂ ಹೇಳುತ್ತಾರೆ, ವಿಳಾಸವನ್ನೂ ಕೊಡುತ್ತಾರೆ. ದಿನ ಗೊತ್ತುಮಾಡಿ, ರೈಲು ನಿಲ್ದಾಣಕ್ಕೆ ಬಂದು ಕಾದು, ಮನೆಗೆ ಕರೆದೊಯ್ದು, ತಮ್ಮ ಮಂಚದ ಮೇಲೆ ಮಲಗಿಸಿದವರಿಲ್ಲ. ಒಮ್ಮೆ ವಾಡಾದ ಕೆಲವರನ್ನು ಒಂದು ನಗರಕ್ಕೆ ಕರೆದರು. ಉಳಿಸಿದ್ದು ಸಭಾಂಗಣದಲ್ಲಿ, ಊಟ ಕೇಟರಿಂಗಿನವರದು, ಸಂಜೆ ವೇದಿಕೆಯ ಮೇಲೆ ಡಮಾಮಿ.

ನೀವು ನಮ್ಮ ಮನೆಯಲ್ಲಿ ಉಂಡಿದ್ದೀರಿ. ನನ್ನ ತಾಯಿಯನ್ನು ನಿಮ್ಮ ಮನೆಯಲ್ಲಿ ಉಣ್ಣಲು ಕರೆಯಿರಿ. ನನಗೆ ಬೇಕಾದದ್ದು ಅಷ್ಟೇ.

ಹಳೆಯ ದಾದಿ

ಮಗಳೇ, ಇದನ್ನು ನೀನು ಬರೆದದ್ದು ಒಳ್ಳೆಯದಾಯಿತು. ಇಷ್ಟು ವರ್ಷ ನಾವು ಎಷ್ಟು ತಂಡಗಳನ್ನು ಒಳಗೆ ಕರೆತಂದೆವು ಎಂದು ಲೆಕ್ಕವಿಡುತ್ತಿದ್ದೆವು. ವಾಡಾದಿಂದ ಹೊರಗೆ ಎಷ್ಟು ಮನೆಗಳಿಗೆ ನೆಂಟರಾಗಿ ಹೋದರು ಎಂಬ ಅಂಕಣ ಯಾವ ವರದಿಯಲ್ಲಿಯೂ ಇರಲಿಲ್ಲ.

ಶಿರಸಿ ಪೇಟೆ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಿತ್ತಲಿನ ಊಟದ ವಿಷಯ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಬರೇ ಚರ್ಚಿನವರು ಮಾತ್ರ ಯೋಚಿಸಬೇಕಾದದ್ದಲ್ಲ. ನಮ್ಮ ತೋಟದಲ್ಲಿ ವರ್ಷಗಳಿಂದ ಅಡಿಕೆ ಕೊನೆ ಕೊಯ್ಯುವವರ ಮನೆ ನಮ್ಮಿಂದ ಒಂದು ಗುಡ್ಡದಾಚೆ ಇದೆ. ಅವರ ಮನೆಗೆ ನಮ್ಮಲ್ಲಿ ಯಾರೂ ಉಣ್ಣಲು ಹೋದವರಿಲ್ಲ. ಈ ಮಾತನ್ನು ಮನೆಯಲ್ಲಿ ಎತ್ತಿದ್ದೇನೆ.

ಮಗ್ಗದ ಮನೆ

ಬೈಬಲ್ಲಿನ ಪ್ರೇಷಿತರ ಕಾರ್ಯಗಳು ಎಂಬ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಹಡಗು ಒಡೆದು ಪ್ರೇಷಿತ ಪೌಲನು ಮಾಲ್ಟಾ ದ್ವೀಪಕ್ಕೆ ಬಂದು ಬೀಳುತ್ತಾನೆ. ಮಳೆ, ಚಳಿ. ದ್ವೀಪದ ಜನ ಬೆಂಕಿ ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ. ಪೌಲನು ಉಪದೇಶ ಮಾಡಿದನೆಂದು ಅಲ್ಲಿ ಬರೆದಿಲ್ಲ, ಸೌದೆ ಕೂಡಿಸಿ ಬೆಂಕಿಗೆ ಹಾಕಿದನೆಂದು ಬರೆದಿದೆ. ನಿಮ್ಮ ಯುವಕರು ಬೆಳಿಗ್ಗೆ ಎದ್ದು ಆ ಮನೆಯ ನೀರು ತರಲಿ, ಸೌದೆ ಒಡೆಯಲಿ, ಪಾತ್ರೆ ತೊಳೆಯಲಿ. ಮನೆಯವರು ಎರಡು ದಿನ ಬೇಡವೆನ್ನುತ್ತಾರೆ, ಮೂರನೆಯ ದಿನ ಕೊಡ ಕೈಗೆ ಕೊಡುತ್ತಾರೆ.

ನೇತ್ರಾವತಿ ದಂಡೆ

ಎಲ್ಲರಿಗೂ ಕೃತಜ್ಞತೆ. ನಿನ್ನೆ ಸಂಜೆ ನಮ್ಮ ಸಭೆಯಲ್ಲಿ ಈ ಮಾತುಗಳನ್ನು ಓದಿ ಹೇಳಿದೆ. ತೀರ್ಮಾನಗಳು ಹೀಗಿವೆ. ಶಾಲೆಯಲ್ಲಿ ಉಳಿಯುವುದಿಲ್ಲ, ಕಳೆದ ಸಲ ಇರಿಸಿಕೊಂಡ ಮನೆಗಳವರು ಒಪ್ಪಿದರೆ ಅಲ್ಲಿಯೇ. ಅಕ್ಕಿ, ಬೇಳೆ, ಎಣ್ಣೆಯ ಹಣ ಮಾರ್ಚ್ ತಿಂಗಳಿನಲ್ಲಿಯೇ ಮಹಿಳಾ ಸಂಘಕ್ಕೆ. ಮೊದಲ ರಾತ್ರಿಯ ಊಟದ ಬಗ್ಗೆ ಯಾರೂ ಬಾಯಿ ತೆರೆಯುವಂತಿಲ್ಲ. ಅಡುಗೆಯವರಿಗೆಂದು ತೆಗೆದಿಟ್ಟ ಹಣವನ್ನು ವಾಡಾದವರು ಮಂಗಳೂರಿಗೆ ಬಂದುಹೋಗುವ ರೈಲಿನ ಖರ್ಚಿಗೆ ಇಡಲಾಗಿದೆ. ನಮ್ಮ ಹಿರಿಯರೊಬ್ಬರೇ ಅದನ್ನು ಸೂಚಿಸಿದರು.

ಹಳಿಯಾಳದ ತಂಗಿ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ನಮ್ಮ ತೆನೆ ಹಬ್ಬಕ್ಕೆ, ಕರೆಯಬೇಕೆಂದು ನಮ್ಮ ಆಸೆ. ಒಂಬತ್ತು ದಿನ ಮಕ್ಕಳು ಕನ್ಯಾಮಾತೆಗೆ ಹೂ ಅರ್ಪಿಸುತ್ತಾರೆ, ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ. ಅದರ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಸೇರಿಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ಬಾಳೆಲೆಯ ಮೇಲೆ ತರಕಾರಿಯ ಊಟ, ಮೀನು ಮಾಂಸ ಇರುವುದಿಲ್ಲ. ಮನೆಯ ಮಕ್ಕಳು ಎಲ್ಲಿದ್ದರೂ ಅಂದು ಬರಬೇಕೆಂಬುದು ನಮ್ಮ ಪದ್ಧತಿ. ಸಭಾಂಗಣವಿಲ್ಲ, ವೇದಿಕೆಯಿಲ್ಲ, ಕೇಟರಿಂಗ್ ಇಲ್ಲ. ಕಳೆದ ಸಲ ವಾಡಾದಲ್ಲಿ ಉಳಿದಿದ್ದವರ ಮನೆಗಳಲ್ಲಿಯೇ ವಾಸ, ಊಟ. ಹೆಸರು ಕೊಟ್ಟ ಮನೆಗಳ ಪಟ್ಟಿ ಸಿದ್ಧವಾಗುತ್ತಿದೆ.

ನನ್ನನ್ನು ಇರಿಸಿಕೊಂಡ ಅಜ್ಜಿಗೆ ಅಷ್ಟು ದೂರದ ಪ್ರಯಾಣ ಆಗುತ್ತದೆಯೇ ಎಂಬುದೊಂದು ಚಿಂತೆ. ಆ ಹೊತ್ತಿಗೆ ನಿಮ್ಮ ಕಡೆ ಗದ್ದೆಯ ಕೆಲಸ ಹೇಗಿರುತ್ತದೆ, ಹೆಂಗಸರಿಗೆ ಮೂರು ನಾಲ್ಕು ದಿನ ಬಿಡುವು ಸಿಗುತ್ತದೆಯೇ? ಸೆಪ್ಟೆಂಬರ್ ಆಗದಿದ್ದರೆ ಕ್ರಿಸ್ಮಸ್ ಕಳೆದ ಮೇಲಿನ ವಾರ ಇಟ್ಟುಕೊಳ್ಳಬಹುದು. ನಿಮ್ಮ ತಾಯಿಯವರನ್ನು ಕೇಳಿ ತಿಳಿಸಿ, ಅವರು ಹೇಳಿದ ದಿನಕ್ಕೆ ನಾವು ನಿಲ್ದಾಣದಲ್ಲಿರುತ್ತೇವೆ.

ಹಳಿಯಾಳದ ಮಗಳು

ಈ ಶನಿವಾರ ವಾಡಾಕ್ಕೆ ಹೋಗುತ್ತಿದ್ದೇನೆ. ತಾಯಿಯನ್ನೂ ಸಂಘದವರನ್ನೂ ಕೇಳುತ್ತೇನೆ. ಸೆಪ್ಟೆಂಬರಿನಲ್ಲಿ ಕಳೆ ಕೀಳುವ ಕೆಲಸ ಮುಗಿಯುತ್ತ ಬಂದಿರುತ್ತದೆ, ಹೆಂಗಸರಿಗೆ ಬಿಡುವು ಸಿಗಬಹುದು. ಅಜ್ಜಿಯರಿಗೆ ಘಟ್ಟದ ಬಸ್ಸು ಕಷ್ಟ, ಮುಂದಿನ ಸೀಟು ಸಿಗುವಂತೆ ನೋಡಿಕೊಳ್ಳಬೇಕು. ತಾಯಿ ಬರುವುದಾದರೆ ಬರಿಗೈಯಲ್ಲಿ ಬರುವವಳಲ್ಲ, ಜೇನು ತರುತ್ತಾಳೆ. ನೀವು ಬೇಡವೆನ್ನಬಾರದು.